ಪಡುವಣ ಬಾಗಿಲು ತೆಗೆದವರು

ಕೋಟೆಹಾಳು, ಕುರುಗೋಡು ತಾಲ್ಲೂಕು
12 ನವೆಂಬರ್ 2024

ಶ್ರೀಮತಿ ದಾಕ್ಷಾಯಣಿಯವರಿಗೆ ನಮಸ್ಕಾರಗಳು.

ನಾನು ಕೋಟೆಹಾಳಿನ ಬಯಲಾಟದ ಮಾಸ್ತರ ಯರ್ರಿಸ್ವಾಮಿ. ನಮ್ಮೂರ ಆಟದ ಪುಸ್ತಕದ ಅಕ್ಷರ ಜೋಡಿಸಿ ತಿದ್ದುವವರು ನೀವೇ ಎಂದು ನಿಮ್ಮ ಪ್ರೆಸ್ಸಿನ ಮಾಲೀಕರು ತಿಳಿಸಿದರು. ನನಗೆ ಎಪ್ಪತ್ತೊಂದು ವರ್ಷ. ಕಿವಿ ಮುಕ್ಕಾಲು ಹೋಗಿದೆ. ಎದುರಿಗೆ ಕೂತು ಕೂಗಿದರೆ ತಿಳಿಯುತ್ತದೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಆದ್ದರಿಂದ ಹಸ್ತಪ್ರತಿಯ ಜೊತೆ ಈ ಕಾಗದ ಇಟ್ಟು ನಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರಿಗೇ ಕೊಡಿ.

ಆಟದ ಕಥೆ ಇಷ್ಟು. ನಮ್ಮ ಗುಡ್ಡದ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕುತ್ತಾರೆ. ಬಾಗಿಲು ಕಾಯುವ ಭರಮಣ್ಣ ಹನ್ನೊಂದು ದಿನ ಹುಲಿಯಂತೆ ಕಾದಾಡುತ್ತಾನೆ. ಹನ್ನೆರಡನೆಯ ದಿನ ಬೆಳಗಿನ ಹೊತ್ತಿಗೆ ಬಂಗಾರದ ಕಡಗಕ್ಕೆ ಆಸೆಪಟ್ಟು ಪಡುವಣ ಬಾಗಿಲನ್ನು ತಾನೇ ತೆಗೆಯುತ್ತಾನೆ. ಇದು ನಡೆದದ್ದೋ ಕಟ್ಟಿದ್ದೋ ನನಗೆ ಗೊತ್ತಿಲ್ಲ. ಬರೆದವರು ನನ್ನ ಮುತ್ತಾತ.

ಭರಮಣ್ಣನ ವಂಶ ಎನಿಸಿಕೊಂಡ 'ಬಾಗಿಲದವರ' ಮನೆ ಊರಲ್ಲಿದೆ. ಆ ವೇಷವನ್ನು ಅವರೇ ಕಟ್ಟಬೇಕು. ಹನ್ನೊಂದು ದಿನದ ಕಾಳಗಕ್ಕೂ ಬಡಿಯುವ ನಗಾರಿ, ಬಾಗಿಲು ತೆಗೆದ ಕ್ಷಣ ನಿಲ್ಲುತ್ತದೆ. ಅದು ನಿಂತೊಡನೆ ಹೆಂಗಸರು ಎದ್ದು ಬಂದು, ನೀರೊಲೆಯಿಂದ ತಂದ ಬೂದಿಯನ್ನು ವೇಷಗಾರನ ತಲೆಗೆ ಹಾಕುತ್ತಾರೆ. ಆಮೇಲೆ ಊರ ಗೌಡರು ಅವನ ಮೇಲೆ ಒಂದು ಕೊಡ ನೀರು ಸುರಿದು ಮೂರು ಸಲ "ಮುಗೀತು" ಅನ್ನುತ್ತಾರೆ. ಊರಿನ ಮೊದಲ ಎಡೆ ಅವನಿಗೇ. ಅಲ್ಲಿಂದ ಮುಂದಿನ ವರ್ಷದ ಆಟದವರೆಗೆ ಆ ಮನೆಯವರ ಎದುರು ಬಾಗಿಲಿನ ಮಾತು ಯಾರೂ ಎತ್ತುವಂತಿಲ್ಲ.

ಈ ಸಲ ಪುಸ್ತಕದ ಖರ್ಚು, ಆಟದ ಖರ್ಚು ಎರಡನ್ನೂ ಹೊತ್ತವರು ಅದೇ ಮನೆಯ ದೊಡ್ಡಬಸಪ್ಪನವರು. ಸಿರುಗುಪ್ಪದಲ್ಲಿ ಅವರ ಅಕ್ಕಿ ಗಿರಣಿ ಇದೆ. ಅವರದು ಒಂದೇ ಕೋರಿಕೆ: ಭರಮಣ್ಣ ಕೊನೆಯವರೆಗೂ ಒಳ್ಳೆಯವನಾಗಿ ಉಳಿಯಬೇಕು. ನಾನು ಒಪ್ಪಿದ್ದೇನೆ. ಕೊನೆಯ ಹದಿನಾಲ್ಕು ಹಾಳೆಗಳನ್ನು ಜೋಡಿಸಬೇಡಿ. ಹೊಸದಾಗಿ ಬರೆದು ಕಳಿಸುತ್ತೇನೆ.

ಇಂತಿ,
ಯರ್ರಿಸ್ವಾಮಿ

*

ಸತ್ಯನಾರಾಯಣಪೇಟೆ, ಬಳ್ಳಾರಿ
19 ನವೆಂಬರ್ 2024

ಮಾಸ್ತರರಿಗೆ ನಮಸ್ಕಾರಗಳು.

ನೂರಾ ಹನ್ನೆರಡು ಹಾಳೆಗಳೂ ಕೈಸೇರಿವೆ. ನಿಮ್ಮ ಮುತ್ತಾತನವರ ಅಕ್ಷರ ಅಚ್ಚಿನಂತಿದೆ, ಓದಲು ತೊಂದರೆಯಿಲ್ಲ.

ಈ ಪ್ರೆಸ್ಸಿಗೆ ಬರುವ ಮೊದಲು ನಾನು ಒಂದು ದಿನಪತ್ರಿಕೆಯಲ್ಲಿ ಒಂಬತ್ತು ವರ್ಷ ಕರಡು ತಿದ್ದುತ್ತಿದ್ದೆ. ಆ ಅಭ್ಯಾಸದಿಂದ ಒಂದು ಪ್ರಶ್ನೆ ಕೇಳುತ್ತಿದ್ದೇನೆ, ಬೇಸರ ಬೇಡ. ಭರಮಣ್ಣ ಒಳ್ಳೆಯವನಾಗಿಯೇ ಉಳಿದರೆ ಬಾಗಿಲು ತೆಗೆದವರು ಯಾರು? ಶತ್ರುಗಳೇ ಒಡೆದು ಬಂದರು ಅನ್ನುವಂತಿಲ್ಲ. ಒಂಬತ್ತನೆಯ ಹಾಳೆಯಲ್ಲಿ, ಒಂದು ಗೀರೂ ಬೀಳದ ಆ ಕದಗಳು ಇಂದಿಗೂ ದೇವಿಯ ಗುಡಿಯಲ್ಲಿವೆ ಎಂದು ಬರೆದಿದೆ. ಊರಿನವರೆಲ್ಲ ಅವನ್ನು ದಿನವೂ ನೋಡುತ್ತಿರಬೇಕು. ಅಂದಮೇಲೆ ಒಳಗಿನವರೇ ಯಾರೋ ತೆಗೆದಿರಬೇಕಲ್ಲ?

ಹೆಸರು ಖಚಿತವಾಗದಿದ್ದಾಗ ಪತ್ರಿಕೆಯಲ್ಲಿ ನಾವು 'ಯಾರೋ ದುಷ್ಕರ್ಮಿಗಳು' ಎಂದು ಹಾಕುತ್ತಿದ್ದೆವು. ಯಾರ ಮೇಲೂ ಆರೋಪ ಹೊರಿಸಿದಂತಾಗುತ್ತಿರಲಿಲ್ಲ. ನೀವೂ 'ಒಳಗಿನವನೊಬ್ಬ' ಎಂದಷ್ಟೇ ಬರೆದು ಮುಂದಕ್ಕೆ ಹೋಗಬಹುದು.

ವಂದನೆಗಳೊಂದಿಗೆ,
ದಾಕ್ಷಾಯಣಿ

*

ಕೋಟೆಹಾಳು
8 ಡಿಸೆಂಬರ್ 2024

ತಂಗಿ ದಾಕ್ಷಾಯಣಿಗೆ ಆಶೀರ್ವಾದಗಳು.

ನಿನ್ನ ಸಲಹೆ ಬಹಳ ಉಪಕಾರವಾಯಿತು. ಹನ್ನೆರಡು ದಿನ ಪೆನ್ನು ಹಿಡಿದು ಕೂತಿದ್ದೆ. ಆ ಒಂದು ಮಾತು ಸಿಕ್ಕಮೇಲೆ ನಾಲ್ಕು ದಿನದಲ್ಲಿ ಬರೆದು ಮುಗಿಸಿದೆ. 'ಒಳಗಿನವನೊಬ್ಬ' ಬಾಗಿಲು ತೆಗೆಯುತ್ತಾನೆ. ಭರಮಣ್ಣ ನುಗ್ಗಿ ಬಂದವರನ್ನು ತಡೆಯುತ್ತ ಹೊಸಿಲಿನ ಮೇಲೆ ಪ್ರಾಣ ಬಿಡುತ್ತಾನೆ. ಹಾಳೆಗಳು ಇದರ ಜೊತೆಗಿವೆ.

ತಾಲೀಮು ಶುರುವಾಗಿದೆ. ಭರಮಣ್ಣನ ವೇಷ ದೊಡ್ಡಬಸಪ್ಪನವರ ತಮ್ಮನ ಮಗ ಸಿದ್ದಲಿಂಗೇಶನದು. ಮೊದಲ ದಿನ ಒಂದು ತಮಾಷೆ ನಡೆಯಿತು. ಹಳೆಯ ಪ್ರತಿಯಲ್ಲಿ ಭರಮಣ್ಣ ನಗಾರಿಯವನ ಬಳಿ ಹೋಗಿ, "ಇವತ್ತ ನಾನು ಕಾಯ್ತೀನಿ, ನೀ ಮಲಕ್ಕೋ" ಅನ್ನುತ್ತಾನೆ. ಆದ್ದರಿಂದಲೇ ನಗಾರಿ ನಿಲ್ಲುತ್ತದೆ. ಮೋಸದ ಆ ಮಾತು ಈಗ ಭರಮಣ್ಣನ ಬಾಯಲ್ಲಿ ಇರುವಂತಿಲ್ಲ, ತೆಗೆದುಹಾಕಿದ್ದೇನೆ. ತಾಲೀಮು ನೋಡಲು ಬಂದು ಮುಂದೆ ಕೂತಿದ್ದ ನಮ್ಮೂರ ಪಾರಮ್ಮ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ಮಾಸ್ತರ, ಹಂಗಾದ್ರ ನಗಾರಿ ಯಾಕ ಸುಮ್ಮನಾತ್ರಿ? ಬಡಿಯಾಂವ ಗೊರಕಿ ಹೊಡಿಯಾಕತ್ತಿದ್ನೇನು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಾರಿ ಬಡಿಯುವ ನಮ್ಮ ಮೈಲಾರಪ್ಪನೂ ನಕ್ಕ. ಗುಡಿಯಲ್ಲೂ ಆಟದಲ್ಲೂ ನಗಾರಿ ಅವನ ಮನೆಯವರದೇ, ತಲೆತಲಾಂತರದಿಂದ. "ನಮ್ಮ ಮುತ್ಯಾ ಮಲಗಿದ್ರ ನಿಮ್ಮ ಮುತ್ಯಾನ ಮಗ್ಗಲದಾಗ ಮಲಗಿರಬೇಕು, ಕೇಳ ಹೋಗಬೇ" ಎಂದು ನನಗೂ ಕೇಳುವಂತೆ ಕೂಗಿದ. ಪಾರಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಇತರ ಸದ್ದುಗಳು ನನ್ನಿಂದ ದೂರವಾಗಿವೆ. ನಗಾರಿ ಮಾತ್ರ ಅಂಗಾಲಿಗೆ ಕೇಳುತ್ತದೆ.

ಯರ್ರಿಸ್ವಾಮಿ

*

ಬಳ್ಳಾರಿ
18 ಡಿಸೆಂಬರ್ 2024

ಮಾಸ್ತರರಿಗೆ ನಮಸ್ಕಾರಗಳು.

ಹೊಸ ಹಾಳೆಗಳನ್ನು ಜೋಡಿಸಿದ್ದೇನೆ. ಭರಮಣ್ಣನ ಸಾವಿನ ಹಾಡು ಚೆನ್ನಾಗಿದೆ.

ದೊಡ್ಡಬಸಪ್ಪನವರು ನಿನ್ನೆ ಪ್ರೆಸ್ಸಿಗೆ ಬಂದಿದ್ದರು. ಜೋರಿನ ಮನುಷ್ಯರಿರಬಹುದು ಎಂದುಕೊಂಡಿದ್ದೆ, ಹಾಗಿಲ್ಲ. ಕರಡಿನ ಕೊನೆಯ ಪುಟವನ್ನು ನಿಂತೇ ಓದಿದರು. "ನಾ ಒಂಬತ್ತು ವರ್ಷದಾಂವ ಇದ್ದೆನ್ರಿ ಅಕ್ಕಾರ. ನಮ್ಮಪ್ಪ ಬೂದಿ ಮೈಯಾಗ ನಿಂತು ಅಳಾಕತ್ತಿದ್ದ. ಕಣ್ಣಾಗ ಬೂದಿ ಬಿದ್ದೈತಿ ಅಂತ ನನಗ ಸುಳ್ಳು ಹೇಳಿದ. ಎಷ್ಟು ತಲಿಮಾರು ತಿಂದೀವಿ ಈ ಬೂದಿ? ಇನ್ನ ಸಾಕ್ರಿ" ಅಂದರು.

ಆದರೆ ಪಾರಮ್ಮ ಕೇಳಿದ್ದು ತಮಾಷೆ ಮಾತ್ರವಲ್ಲ. ಓದುಗರೂ ಅದನ್ನೇ ಕೇಳುತ್ತಾರೆ. ನಗಾರಿ ಏಕೆ ನಿಂತಿತು ಎನ್ನುವುದಕ್ಕೆ ಎರಡು ಸಾಲಿನ ಕಾರಣ ಬೇಕು. ಚರ್ಮ ಹರಿಯಿತು ಎಂದು ಬರೆಯಬಹುದಲ್ಲ? ಜನವರಿ ಹತ್ತರಂದು ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ತಿಳಿಸಿ.

ದಾಕ್ಷಾಯಣಿ

*

ಕೋಟೆಹಾಳು
8 ಜನವರಿ 2025

ತಂಗಿ ದಾಕ್ಷಾಯಣಿಗೆ,

ನೀನು ಹೇಳಿದಂತೆ ಚರ್ಮ ಹರಿದ ಎರಡು ಸಾಲು ಬರೆದೆ. ಮೈಲಾರಪ್ಪನಿಗೆ ಓದಿ ಹೇಳಿದರೆ ಎದ್ದು ನಿಂತುಬಿಟ್ಟ. "ನಮ್ಮ ಮನಿ ನಗಾರಿ ಎಂದೂ ಹರಿದಿಲ್ರಿ ಮಾಸ್ತರ. ಚರ್ಮ ಹದ ಮಾಡಾಕ ಬರಲಾರದವರು ಅಂತ ಪುಸ್ತಕದಾಗ ಹಾಕ್ತೀರೇನು? ಬ್ಯಾಡ್ರಿ" ಅಂದ. ಅವನ ಮಾತೂ ನ್ಯಾಯವೇ. ಆ ಸಾಲುಗಳನ್ನು ಹೊಡೆದುಹಾಕಿದೆ. ಇದ್ದದ್ದು ಇದ್ದಂತೆ ಅಚ್ಚು ಹಾಕಿಸು.

ಮೊನ್ನೆ ಅವನ ಹೆಂಡತಿ ಅಂಬಮ್ಮ ನಮ್ಮ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಏನೋ ಕೇಳಿದಳು, ನನಗೆ ತಿಳಿಯಲಿಲ್ಲ. ಕೊನೆಗೆ ಹತ್ತಿರ ಬಂದು ಕೂಗಿದಳು: "ನಮ್ಮ ಮನಿ ಹೆಸರು ಪುಸ್ತಕದಾಗ ಐತೇನ್ರಿ?" ಇಲ್ಲ ಅಂದೆ. ನಿಜವೇ ಅಲ್ಲವೇ? ಎಲ್ಲೂ ಇಲ್ಲ. ಮತ್ತೆ ಕೇಳಿದಳು, ಮತ್ತೆ ಇಲ್ಲ ಅಂದೆ. ಹೊರಟುಹೋದಳು. ಹೆಂಗಸರಿಗೆ ಏನೇನೋ ಚಿಂತೆ.

ತಾಲೀಮಿಗೆ ಈ ವರ್ಷ ಬಹಳ ಜನ. ಎಲ್ಲರೂ ಗುಂಪು ಗುಂಪಾಗಿ ಮಾತಾಡುತ್ತ ಕೂರುತ್ತಾರೆ. ಆಟದ ಮೇಲೆ ಇಷ್ಟು ಆಸಕ್ತಿಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಯರ್ರಿಸ್ವಾಮಿ

*

ಬಳ್ಳಾರಿ
24 ಜನವರಿ 2025

ಮಾಸ್ತರರೇ,

ಇದನ್ನು ಓದಿದ ಕೂಡಲೇ ದಯವಿಟ್ಟು ಏನಾದರೂ ಮಾಡಿ.

ಮೈಲಾರಪ್ಪನವರ ಮಗಳು ಪಂಪಾವತಿ ಇಂದು ಪ್ರೆಸ್ಸಿಗೆ ಬಂದಿದ್ದಳು. ನಿಮ್ಮೂರ ಅಂಗನವಾಡಿಯಲ್ಲಿ ಅಡುಗೆ ಮಾಡುವವಳಂತೆ. ತರಬೇತಿಗೆಂದು ಬಳ್ಳಾರಿಗೆ ಬಂದವಳು ಪುಸ್ತಕ ಕೇಳಿಕೊಂಡು ನಮ್ಮಲ್ಲಿಗೆ ಬಂದಳು. ಕೊನೆಯ ಪುಟಗಳನ್ನು ಎರಡು ಸಲ ಓದಿ, "ಹೆಸರಿಲ್ಲ, ಖರೇನ ಐತಿ" ಅಂದಳು. ಅಳುತ್ತಿರಲಿಲ್ಲ. ಹದಿನೇಳು ಮಕ್ಕಳಲ್ಲಿ ಈಗ ಆರು ಮಾತ್ರ ಅವಳ ಕೈಯ ಊಟ ಮಾಡುತ್ತಿದ್ದಾರಂತೆ. ಉಳಿದ ತಾಯಂದಿರು ಡಬ್ಬಿ ಕಟ್ಟಿ ಕಳಿಸುತ್ತಾರೆ. ಏಕೆ ಎಂದು ಕೇಳಿದ್ದಕ್ಕೆ ಒಬ್ಬಳು, "ಮಲಗಿದ್ದಾಂವನ ಮನಿಯಾಕಿ ಕೈಯಾಗ ಕೂಸು ಯಾಂಗ ಬಿಡೂದಬೇ" ಅಂದಳಂತೆ. ಅವರ ಮನೆಯ ಬಾಗಿಲ ಅಗುಳಿಯನ್ನು ಯಾರೋ ಎರಡು ಸಲ ಕಿತ್ತುಕೊಂಡು ಹೋಗಿದ್ದಾರಂತೆ. ಬಾಗಿಲು ತೆಗೆಯುವವರಿಗೆ ಅಗುಳಿ ಏಕೆ ಎಂದು ಬೀದಿಯಲ್ಲಿ ನಗುತ್ತಾರಂತೆ.

ಗುಂಪು ಕೂಡಿದವರು ಮಾತಾಡುತ್ತಿದ್ದುದು ಆಟದ ಬಗ್ಗೆ ಅಲ್ಲ.

ತಪ್ಪು ನನ್ನದು. ಲಕ್ಷ ಜನ ಓದುವ ಪತ್ರಿಕೆಯಲ್ಲಿ 'ಯಾರೋ' ಅಂದರೆ ಯಾರೂ ಅಲ್ಲ. ಮುನ್ನೂರು ಮನೆಯ ಊರಿನಲ್ಲಿ 'ಒಳಗಿನವನೊಬ್ಬ' ಅಂದರೆ ಮನೆ ಹುಡುಕುತ್ತಾರೆ. ಪುಸ್ತಕ ಅಚ್ಚಾಗಿ ಹೋಯಿತು, ಅದು ನನ್ನ ಕೈಯಲ್ಲಿಲ್ಲ. ಆಟ ನಿಮ್ಮ ಕೈಯಲ್ಲಿದೆ. ಮಂಗಳವಾರ ರಾತ್ರಿಯ ಆಟದಲ್ಲಿ, ರಂಗದ ಅಟ್ಟದ ಮೇಲೆ ಭರಮಣ್ಣನಿಂದ ಹಳೆಯ ಮಾತನ್ನೇ ಆಡಿಸಿ. ದೊಡ್ಡಬಸಪ್ಪನವರು ಸಿಟ್ಟಾದರೆ ನನ್ನ ಹೆಸರು ಹೇಳಿ.

ದಾಕ್ಷಾಯಣಿ

*

ಕೋಟೆಹಾಳು
31 ಜನವರಿ 2025

ತಾಯಿ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಆ ಕಂಡಕ್ಟರ್ ರಜೆಯಲ್ಲಿದ್ದರಂತೆ. ಬದಲಿಗೆ ಬಂದವರು ಕಾಗದವನ್ನು ಡಿಪೋದಲ್ಲೇ ಬಿಟ್ಟಿದ್ದರು. ಆಟ ಬುಧವಾರ ಬೆಳಿಗ್ಗೆಯೇ ಮುಗಿದಿತ್ತು.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಮೂಡಣ ಕೆಂಪಾಗುವ ಹೊತ್ತಿಗೆ ಹನ್ನೆರಡನೆಯ ದಿನದ ಪ್ರಸಂಗ ಬಂತು. ಸಿದ್ದಲಿಂಗೇಶ ಚೆನ್ನಾಗಿ ಸತ್ತ. ದೊಡ್ಡಬಸಪ್ಪನವರು ಮುಂದಿನ ಕುರ್ಚಿಯಲ್ಲಿ ಕೈಮುಗಿದುಕೊಂಡಿದ್ದರು. ಪದ್ಧತಿಯಂತೆ ನಗಾರಿ ನಿಂತಿತು. ನನ್ನ ಅಂಗಾಲಿಗೆ ಗೊತ್ತಾಯಿತು.

ಹೆಂಗಸರು ಎದ್ದರು. ಈ ಸಲ ಬೂದಿ ಇಲ್ಲ ಎಂದು ವಾರದಿಂದ ಡಂಗುರ ಹೊಡೆಸಿದ್ದೆವು. ಆದರೂ ಎಲ್ಲರ ಮುಷ್ಟಿಯಲ್ಲೂ ಬೂದಿ ಇತ್ತು. ಅಟ್ಟದ ಮುಂದೆ ಬಂದು ನಿಂತರು. ಭರಮಣ್ಣ ವೀರನಾಗಿ ಬಿದ್ದಿದ್ದಾನೆ, ಅವನ ಮೇಲೆ ಹೂವು ಹಾಕಿದ್ದಾರೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾರಮ್ಮ ಮೊದಲು ತಿರುಗಿದಳು. ಅಟ್ಟದ ಎಡಕ್ಕೆ ಮೈಲಾರಪ್ಪ ಕೋಲು ಹಿಡಿದು ನಿಂತಿದ್ದ. ಅವಳು ಸಿಟ್ಟಿನಿಂದೇನೂ ಹಾಕಲಿಲ್ಲ, ವರ್ಷ ವರ್ಷ ಹಾಕುವಂತೆಯೇ ಬೂದಿಯನ್ನು ಅವನ ತಲೆಗೆ ಹಾಕಿದಳು. ಆಮೇಲೆ ಎಲ್ಲರೂ ಹಾಕಿದರು.

ಅವನು ಕದಲಲಿಲ್ಲ. ಬೂದಿ ಬಿದ್ದ ಮೇಲೆ ನೀರು ಬರುತ್ತದೆಂದು ಕಾಯುತ್ತಿದ್ದನೋ ಏನೋ. ಕೊಡ ತುಂಬಿಯೇ ಇತ್ತು. ಗೌಡರು ನನ್ನ ಹತ್ತಿರ ಬಂದು ಕೂಗಿ ಕೇಳಿದರು: "ಮಾಸ್ತರ, ನೀರು ಬಾಗಿಲದವರಿಗಿ ಹಾಕೋದು. ಇವನಿಗಿ ಹಾಕೂ ಪದ್ಧತಿ ಐತೇನು?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ತಲೆ ಅಲ್ಲಾಡಿಸಿ ಹೋದರು. ಯಾರೂ "ಮುಗೀತು" ಅನ್ನಲಿಲ್ಲ. ಜನ ಕಂಬಳಿ ಕೊಡವಿಕೊಂಡು ಮನೆಗೆ ಹೋದರು. ಮೈಲಾರಪ್ಪ ಬಿಸಿಲೇರುವವರೆಗೆ ಅಲ್ಲೇ ನಿಂತಿದ್ದ.

ಯರ್ರಿಸ್ವಾಮಿ

*

ಬಳ್ಳಾರಿ
6 ಫೆಬ್ರುವರಿ 2025

ಮಾಸ್ತರರೇ,

ಪದ್ಧತಿಯಲ್ಲಿ ಇಲ್ಲದ ಬೂದಿ ಬೀಳಬಹುದಾದರೆ, ಪದ್ಧತಿಯಲ್ಲಿ ಇಲ್ಲದ ನೀರನ್ನೂ ಹಾಕಬಹುದಲ್ಲ? ಗೌಡರು ಹಾಕದಿದ್ದರೆ ನೀವು ಹಾಕಿ. ಊರಿನವರ ಎದುರು, ಹಗಲಿನಲ್ಲಿ ಹಾಕಿ.

ದಾಕ್ಷಾಯಣಿ

*

ಕೋಟೆಹಾಳು
21 ಫೆಬ್ರುವರಿ 2025

ತಾಯಿ,

ಹೋಗಿದ್ದೆ. ನಾನೇ ಕೊಡ ಹೊತ್ತುಕೊಂಡು, ಎಲ್ಲರೂ ನೋಡಲೆಂದು ಊರ ನಡುವಿನ ಬೀದಿಯಲ್ಲೇ ಹೋದೆ. ಜನ ಕಟ್ಟೆಯ ಮೇಲಿಂದ ನೋಡಿದರು. ಹಿಂದೆ ಯಾರೂ ಬರಲಿಲ್ಲ.

ಮೈಲಾರಪ್ಪ ಅಂಗಳದಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಕೊಡ ಕಂಡವನು ಎದ್ದು ನನ್ನ ಕೈ ಹಿಡಿದ. ನನಗೆ ಕೇಳಿಸಲೆಂದು ಒಂದೊಂದೇ ಮಾತು ಬಿಡಿಸಿ ಕೂಗಿದ: "ಬ್ಯಾಡ್ರಿ ಮಾಸ್ತರ. ಬಾಗಿಲದವರು ನೀರು ಹಾಕಿಸ್ಕೊಂತಿದ್ರು, ಯಾಕಂದ್ರ ಅವರು ಒಪ್ಕೊಂಡಿದ್ರು. ನಾ ನೀರು ಹಾಕಿಸ್ಕೊಂಡ್ರ, ನಮ್ಮ ಮುತ್ಯಾ ಬಾಗಿಲ ತೆಗೆದಾನ ಅಂತ ನಾನೂ ಒಪ್ಪಿದಂಗಾತು. ನಾಳಿ ನನ್ನ ಮಗಳ ಮಕ್ಕಳೂ ಬೂದಿಗಿ ನಿಂದರಬೇಕೇನ್ರಿ?"

ಅಂಬಮ್ಮ ಒಳಗಿನಿಂದ ಬಂದು, "ಹೆಸರಿಲ್ಲ ಅಂದಿದ್ರೆಲ್ಲ" ಅಂದಳು. ಕೂಗಲಿಲ್ಲ. ಆದರೆ ತುಟಿ ನೋಡಿ ತಿಳಿಯಿತು. ಕೊಡ ಹೊತ್ತುಕೊಂಡು ಹಿಂದಕ್ಕೆ ಬಂದೆ.

ದೊಡ್ಡಬಸಪ್ಪನವರೇ ಅವನಿಗೆ ಸಿರುಗುಪ್ಪದ ಗಿರಣಿಯಲ್ಲಿ ಕಾವಲಿನ ಕೆಲಸ ಕೊಟ್ಟಿದ್ದಾರೆ. ಅವರಿಗೂ ನೋವಾಗಿದೆ. "ಅಲ್ಲಿ ಯಾರಿಗೂ ಗೊತ್ತಿಲ್ಲ, ಆರಾಮ ಇರ್ತಾನ" ಅಂದರು. ಮೂವರೂ ಮರುದಿನದ ಬಸ್ಸಿಗೆ ಹೋದರು. ನಗಾರಿ ಗುಡಿಯಲ್ಲೇ ಇದೆ. ಯಾರೂ ಮುಟ್ಟುತ್ತಿಲ್ಲ.

ಯರ್ರಿಸ್ವಾಮಿ

*

ಬಳ್ಳಾರಿ
18 ಮಾರ್ಚ್ 2025

ಮಾಸ್ತರರಿಗೆ ನಮಸ್ಕಾರಗಳು.

ಹತ್ತು ದಿನದಿಂದ ಬರೆಯಬೇಕೆಂದಿದ್ದೆ. ದೊಡ್ಡಬಸಪ್ಪನವರು ಪುಸ್ತಕವನ್ನು ತಮ್ಮ ಗಿರಣಿಯ ಕೆಲಸಗಾರರಿಗೆಲ್ಲ ಒಂದೊಂದು ಹಂಚಿದ್ದಾರೆ. ಮುಗಿದು ಹೋಗಿದ್ದಕ್ಕೆ ಎರಡನೇ ಮುದ್ರಣಕ್ಕೆ ಬಂದಿದ್ದರು. ಇನ್ನು ಸಿರುಗುಪ್ಪದಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವಂತಿಲ್ಲ.

ಅವರ ಕೈಯಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ ಇತ್ತು. 'ಒಳಗಿನವನೊಬ್ಬ' ಎಂದು ಇರುವ ಏಳು ಕಡೆಯೂ 'ನಗಾರಿಯ ಮೈಲಾರ' ಎಂದು ತಿದ್ದಬೇಕಂತೆ. ಬೇಡ ಅಂದೆ. "ನಾ ಏನ್ ಹೊಸದು ಹೇಳಾಕತ್ತಿಲ್ರಿ ಅಕ್ಕಾರ. ಊರ ಮಂದಿ ಎಲ್ಲಾ ಅದನ್ನ ಅಂತಾರ. ಹೆಸರು ಹಾಕಿಲ್ಲ ಅಂದ್ರ, ನಾವು ಬಾಗಿಲದವರ ಏನೋ ಮುಚ್ಚಿಡಾಕತ್ತೀವಿ ಅಂತ ಮತ್ತ ನಮ್ಮ ಕಡೀಗೇ ಬೆರಳು ಮಾಡ್ತಾರ" ಅಂದರು. ಅವರ ಮುಖದಲ್ಲಿದ್ದದ್ದು ಹೆದರಿಕೆ.

ಮಾಲೀಕರು ಕೆಲಸವನ್ನು ಇನ್ನೊಬ್ಬರಿಗೆ ಕೊಡಲು ಹೊರಟಿದ್ದರು. ಗ್ರಂಥಕರ್ತರ ಸಹಿ ಇಲ್ಲದೆ ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದ್ದೇನೆ. ಗ್ರಂಥಕರ್ತರು ನೀವು. ಮುಂದಿನ ಬುಧವಾರದವರೆಗೆ ಕಾಯಲು ಒಪ್ಪಿದ್ದಾರೆ. ಭರಮಣ್ಣನೇ ತೆಗೆದನೆಂದು ಹಳೆಯದನ್ನೇ ಹಾಕಿದರೆ ದೊಡ್ಡಬಸಪ್ಪನವರು ಒಪ್ಪುವುದಿಲ್ಲ. 'ಒಳಗಿನವನೊಬ್ಬ' ಎಂದೇ ಬಿಟ್ಟರೆ ಜನ ತಮಗೆ ಬೇಕಾದ ಹೆಸರನ್ನು ಓದಿಕೊಳ್ಳುತ್ತಾರೆ. ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಈ ಸಲ ಬಸ್ಸಿನಲ್ಲಿ ಕಳಿಸದೆ ರಿಜಿಸ್ಟರ್ ಅಂಚೆಯಲ್ಲಿ ಹಾಕುತ್ತಿದ್ದೇನೆ.

ದಾಕ್ಷಾಯಣಿ

*

ಕೋಟೆಹಾಳು
24 ಮಾರ್ಚ್ 2025

ತಾಯಿ ದಾಕ್ಷಾಯಣಿ,

ಸಹಿ ಮಾಡಿದ ಹಾಳೆ ಇದರ ಜೊತೆಗಿದೆ. ಏಳು ಕಡೆಯೂ ಹೆಸರು ತುಂಬಿದ್ದೇನೆ: 'ಓಲೆಕಾರ ಯರ್ರಿಯಪ್ಪ'. ಕೋಟೆಯಲ್ಲಿ ಓಲೆ ಬರೆಯುತ್ತಿದ್ದವನು ಎಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಹಿರಿಯ. ನಗಾರಿಯವನಿಗೆ ಮಲಗು ಎಂದವನೂ ಅವನೇ. ಆ ಮಾತನ್ನು ಅವನ ಬಾಯಿಗೆ ಹಾಕಿದ್ದೇನೆ. ಇದಕ್ಕೆ ಆಧಾರವೇನು ಎಂದು ನೀನು ಕೇಳುತ್ತೀ. ಆಧಾರವಿಲ್ಲ. ಆದರೆ ಆಟ ನಮ್ಮ ಮನೆಯದು. ನಮ್ಮ ಮನೆಯವರೇ ಬರೆದುಕೊಟ್ಟರೆ ಊರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ.

ಗೌಡರ ಹತ್ತಿರ ಮಾತಾಡಿದ್ದೇನೆ. ಮುಂದಿನ ವರ್ಷದಿಂದ ಬಾಗಿಲು ತೆಗೆಯುವ ಓಲೆಕಾರನ ವೇಷ ನಮ್ಮ ಮನೆಯದು. ಬೂದಿ, ನೀರು, "ಮುಗೀತು" ಎಲ್ಲ ಪದ್ಧತಿಯಂತೆಯೇ ನಡೆಯಬೇಕೆಂದು ಬರೆಸಿಕೊಂಡಿದ್ದೇನೆ. ಅವರು ನಕ್ಕು, "ಇಷ್ಟು ವರ್ಷ ಮಂದಿ ಮ್ಯಾಲ ಬರದು ಬರದು ಬಚಾವಾಗಿದ್ರಿ, ಅಲ್ರೀ ಮಾಸ್ತರ?" ಅಂದರು. ಈಗಾಗಲೇ ನಂಬಿದ್ದಾರೆ ಎಂದು ಗೊತ್ತಾಯಿತು.

ಪುಸ್ತಕ ಬಂದ ಮೇಲೆ ಒಂದು ಪ್ರತಿಯನ್ನು ಮೈಲಾರಪ್ಪನಿಗೆ ನೀನೇ ಕೊಡು. ಪಂಪಾವತಿ ಓದಿ ಹೇಳಲಿ. ಅವನು ಊರಿಗೆ ಬರುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

ನಾನು ಎಷ್ಟು ವರ್ಷ ವೇಷ ಕಟ್ಟಬಲ್ಲೆ? ಎರಡು, ಹೆಚ್ಚೆಂದರೆ ಮೂರು. ನನ್ನ ಮಗ ತೀರಿಹೋಗಿದ್ದಾನೆ. ಮೊಮ್ಮಗನಿಗೆ ಹದಿಮೂರು, ಕುರುಗೋಡಿನ ಶಾಲೆಗೆ ಹೋಗುತ್ತಾನೆ. ಅವನಿಗೂ ಹೇಳಿಲ್ಲ, ಸೊಸೆಗೂ ಹೇಳಿಲ್ಲ. ಅವಳು ಈಗ ಅಂಗಳದಲ್ಲಿ ಅವನ ಅಂಗಿ ಒಗೆಯುತ್ತಿದ್ದಾಳೆ. ಏನೋ ಹಾಡಿಕೊಳ್ಳುತ್ತಿರುವ ಹಾಗಿದೆ, ಬಾಯಿ ಆಡುತ್ತಿದೆ. ಈ ಕಾಗದವನ್ನು ಅಂಚೆಗೆ ಹಾಕಿ ಬಂದು ಹೇಳುತ್ತೇನೆ.

ಯರ್ರಿಸ್ವಾಮಿ